ಆಷಾಢಕ್ಕೆ ಅಂಗಡಿ ಬಂದ್, ಮಣ್ಣಿನ ಕೆಲಸ ಚಾಲೂ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಒಂದು ತಿಂಗಳ ಮಾರ್ಗದರ್ಶಿ

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಧಾರವಾಡದ ನಮ್ಮ ಮನೆಯ ಮಾಡದಲ್ಲಿ ಎರೆಮಣ್ಣಿನ ಜೋಡೆತ್ತು ಇನ್ನೂ ನಿಂತಿರುತ್ತವೆ. ಅಷ್ಟರಲ್ಲಿ ಫೋನು ಗುಂಯ್‌ಗುಡಲು ಶುರು: ಆಷಾಢ ಸೇಲ್, ಅರ್ಧ ಬೆಲೆ, ಎರಡು ತಗೊಂಡರೆ ಒಂದು ಪುಕ್ಕಟೆ. ನನಗೆ ಪ್ರತಿ ವರ್ಷ ನಗು ಬರುತ್ತದೆ. ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ, ಹೊಸ ಸೊಸೆ ತವರಿನಲ್ಲಿ. ರೊಕ್ಕವೆಲ್ಲ ಬೀಜ, ಗೊಬ್ಬರ, ಆಳಿನ ಕೂಲಿಗೆ ಹೋಗಿ ಮನೆಯ ಗಂಟು ಖಾಲಿಯಾಗಿರುವ ತಿಂಗಳಿದು. ಪೇಟೆಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ, ಹೋದರೂ ಕೈಯಲ್ಲಿ ಏನಿಲ್ಲ. ಹಾಗೆ ತಾನಾಗಿ ಬಿದ್ದ ಬಿಡುವನ್ನೇ ಈಗ ಭರ್ಜರಿ ಖರೀದಿಯ ಹಂಗಾಮು ಮಾಡಿಕೊಂಡಿದ್ದೇವೆ. ಅಂಗಡಿಯವರನ್ನು ಬೈಯುವುದೂ ಸರಿಯಲ್ಲ. ಗಿರಾಕಿ ಬಾರದ ತಿಂಗಳಿಗೂ ಅವರು ಬಾಡಿಗೆ ಕಟ್ಟಬೇಕಲ್ಲ.

ಮೂರು ವರ್ಷದಿಂದ ನಾವು ಆ ಹಳೆಯ ಬಿಡುವನ್ನು ಮನೆಮಟ್ಟಿಗೆ ವಾಪಸು ತಂದಿದ್ದೇವೆ. ಮೊದಲ ವರ್ಷ ಪೂರಾ ಫೇಲು. ಏನೂ ಕೊಳ್ಳಬಾರದೆಂದು ಹಲ್ಲು ಕಚ್ಚಿ ಕೂತೆವು, ಶ್ರಾವಣದ ಮೊದಲ ಶನಿವಾರ ಹುಬ್ಬಳ್ಳಿಗೆ ಹೋಗಿ ತಿಂಗಳ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸಿ ಬಂದೆವು. ಉಪವಾಸದ ಮರುದಿನದ ಊಟದ ಹಾಗೆ. ಆಗ ಅವ್ವ ಹೇಳಿದ್ದು: "ಕೈ ಕಟ್ಕೊಂಡು ಕುಂತ್ರ ಕೈ ಅಂಗಡಿ ಕಡೆನ ಹೊಕ್ಕಾವ. ಕೈಗೆ ಒಂದೀಟು ಕೆಲಸ ಹಚ್ರಿ." ಅವಳ ಕಾಲದಲ್ಲಿ ಈ ತಿಂಗಳು ಕೊಳ್ಳುತ್ತಿರಲಿಲ್ಲ ನಿಜ, ಆದರೆ ಸುಮ್ಮನೆಯೂ ಇರುತ್ತಿರಲಿಲ್ಲ. ಬಿತ್ತುವುದು, ಕಳೆ ತೆಗೆಯುವುದು, ಹಳೆ ಬಟ್ಟೆಯ ಹೊದಿಕೆ ಕೌದಿ ಹೊಲಿಯುವುದು, ಆಷಾಢದ ಮಂಗಳವಾರ ಕೂರಿಸುವ ಗುಳ್ಳವ್ವನಿಗೆ ಮಣ್ಣು ಮಿದಿಯುವುದು. ಕಡಿಮೆ ಕೊಳ್ಳುವುದು ಅರ್ಧ ಕೆಲಸ, ತೆಗೆದುಕೊಂಡದ್ದನ್ನು ಮಣ್ಣಿಗೆ, ನೀರಿಗೆ, ದುಡಿಯುವ ಕೈಗೆ ಮರಳಿ ಮುಟ್ಟಿಸುವುದು ಉಳಿದರ್ಧ. ಮುಂದೆ ಬರೆದಿರುವುದೆಲ್ಲ ಆ ಉಳಿದರ್ಧದ ಲೆಕ್ಕವೇ.

ಆಷಾಢ ಸಾಮಾನ್ಯವಾಗಿ ಜೂನ್ ಕೊನೆಗೆ ಶುರುವಾಗಿ ಜುಲೈನಲ್ಲಿ ಮುಗಿಯುತ್ತದೆ. ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಜಾರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆಯವರೆಗೆ ನಮ್ಮ ಗಡಿ. ನಡುವೆ ಬರುವ ಗುಳ್ಳವ್ವನ ಮಂಗಳವಾರಗಳೇ ನಮಗೆ ಮೈಲಿಗಲ್ಲು. ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಕೂರಿಸುವ ದಿನ ನಾವೂ ಒಂದು ಹೊಸ ಕೆಲಸಕ್ಕೆ ಕೈ ಹಚ್ಚುತ್ತೇವೆ. ಮಂಗಳವಾರ ಆಫೀಸಿದ್ದರೆ ರವಿವಾರ ಮಾಡಿ. ಗುಳ್ಳವ್ವ ಬೇಜಾರು ಮಾಡಿಕೊಳ್ಳಲಾರಳು.

ಶುರುವಿಗೆ ಮೊದಲು: ಪಟ್ಟಿ ಮತ್ತು ಫೋನು

ಒಂದು ಸಂಜೆ ಸಾಕು. ಆನ್‌ಲೈನ್‌ನಲ್ಲಿ ಕೊಳ್ಳುವ ಅಭ್ಯಾಸವಿದ್ದರೆ ಆ್ಯಪಿನಲ್ಲಿ ಹಿಂದಿನ ಮೂರು ತಿಂಗಳ ಆರ್ಡರುಗಳನ್ನು ತೆರೆದು ಒಂದು ಹಾಳೆಗೆ ಇಳಿಸಿ. ವಸ್ತು, ಬೆಲೆ, ಈಗ ಅದು ಮನೆಯಲ್ಲಿ ಎಲ್ಲಿದೆ, ಕಳೆದ ವಾರ ಬಳಸಿದ್ದೀರಾ. ನಮ್ಮ ಹಾಳೆಯಲ್ಲಿ ಮೂರನೇ ಸಾಲಿಗೇ ಜಗಳ ಶುರುವಾಯಿತು. ಕಳೆದ ಸೇಲಿನಲ್ಲಿ ತಂದ ತರಕಾರಿ ಹೆಚ್ಚುವ ಯಂತ್ರ ಅಟ್ಟದ ಮೇಲೆ ಡಬ್ಬಿಯಲ್ಲೇ ಇತ್ತು, ಈಳಿಗೆ ಮಾತ್ರ ದಿನಾ ಕೆಲಸ ಮಾಡುತ್ತಿತ್ತು.

ಆಮೇಲೆ ಖರೀದಿಯ ಆ್ಯಪುಗಳನ್ನು ತಿಂಗಳ ಮಟ್ಟಿಗೆ ತೆಗೆದುಹಾಕಿ, ಉಳಿಸಿಟ್ಟ ಕಾರ್ಡಿನ ನಂಬರು ಅಳಿಸಿ. ಪ್ರತಿ ಸಲ ಹದಿನಾರು ಅಂಕಿ ಒತ್ತಬೇಕಾದರೆ ಅರ್ಧ ಆಸೆ ಅಲ್ಲೇ ಇಳಿದುಹೋಗುತ್ತದೆ.

ವಿನಾಯಿತಿಗಳನ್ನು ಮೊದಲೇ ಬರೆದುಕೊಳ್ಳಿ: ಹಾಲು, ಕಾಯಿಪಲ್ಲೆ, ಕಿರಾಣಿ, ಔಷಧಿ, ಮಕ್ಕಳ ಶಾಲೆಯದು, ರಿಪೇರಿಯ ಖರ್ಚು. ಉಳಿದದ್ದು ಏನೇ ಬೇಕೆನಿಸಿದರೂ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ತಾರೀಖು ಹಾಕಿ ಬರೆಯುವುದು. ಬೇಡ ಎನ್ನುವ ಮಾತೇ ಇಲ್ಲ, ನಾಗರ ಅಮಾವಾಸ್ಯೆಯ ದಿನ ನೋಡೋಣ, ಅಷ್ಟೇ. ಮಕ್ಕಳಿರುವ ಮನೆಗೆ ಇದು ಬಹಳ ಉಪಯೋಗ. ನಮ್ಮ ಮಗ ಹೋದ ವರ್ಷ ಸೈಕಲ್ಲಿನ ಬೆಲ್ಲಿಗಾಗಿ ನಾಲ್ಕು ಸಲ ಬರೆದ. ಅದು ನಿಜವಾಗಿ ಬೇಕಿತ್ತೆಂದು ನಮಗೂ ಗೊತ್ತಾಯಿತು.

ಮೊದಲ ಮಂಗಳವಾರ: ಅಡುಗೆಮನೆಯ ಡಬ್ಬಿಗಳು

ಎಲ್ಲ ಡಬ್ಬಿಗಳನ್ನು ಕೆಳಗಿಳಿಸಿ. ಹಿಂದೆ ಸೇರಿಕೊಂಡ ಹೆಸರುಕಾಳು, ಅರ್ಧ ಪೊಟ್ಟಣ ಸಾವೆ, ತವರಿನಿಂದ ಬಂದ ಅಗಸಿ, ಗುರೆಳ್ಳು, ಹೋದ ಬೇಸಿಗೆಯ ಸಂಡಿಗೆ, ಎಲ್ಲ ಮುಂದಕ್ಕೆ ಬರಲಿ. ಮೊದಲ ವಾರದ ಅಡುಗೆ ಇವುಗಳಿಂದಲೇ. ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿಟ್ಟು ಕಟಕ ರೊಟ್ಟಿ ಮಾಡಿಟ್ಟುಕೊಂಡರೆ ರಾತ್ರಿ ಎಂಟಕ್ಕೆ ಮನೆಗೆ ಬಂದು ಹೊರಗಿನಿಂದ ತರಿಸುವ ಯೋಚನೆ ಹತ್ತಿರ ಸುಳಿಯುವುದಿಲ್ಲ. ಒಣರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಈ ತಿಂಗಳ ತಂಪಿಗೆ ಬುಟ್ಟಿಯಲ್ಲಿಟ್ಟರೆ ಮೆತ್ತಗಾಗಿಬಿಡುತ್ತದೆ.

ಕಾಳುಗಳಿಗೆ ಹುಳ ಬಿದ್ದಿದ್ದರೆ ಎಸೆಯಬೇಡಿ. ಬಿಸಿಲು ಬಿದ್ದ ದಿನ ಹರವಿ, ಜರಡಿ ಹಿಡಿದು, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿಡಿ. ತೊಗರಿಬೇಳೆಗೆ ಕೈಗೆ ಹತ್ತುವಷ್ಟು ಔಡಲೆಣ್ಣೆ ಸವರುವುದು ಹಳೆಯ ಪದ್ಧತಿ. ಬೇಯಿಸುವ ಮೊದಲು ಚೆನ್ನಾಗಿ ತೊಳೆದರಾಯಿತು.

ಸಾಮಾನು ತರಬೇಕಾದಾಗ ಬಟ್ಟೆಚೀಲ, ಡಬ್ಬಿ ಹಿಡಿದು ಓಣಿಯ ಕಿರಾಣಿ ಅಂಗಡಿಗೇ ಹೋಗಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲದ ನಿಷೇಧ 2016ರಿಂದಲೇ ಇದೆ, 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೂ ನಿಷೇಧ ಬಂತು. ಕಾಗದದ ಮೇಲೆ ಹೀಗೆ. ಪೇಟೆಯಲ್ಲಿ ಕೇಳದಿದ್ದರೂ ಚೀಲ ಕೈಗೆ ಬರುತ್ತದೆ. "ಚೀಲ ಬ್ಯಾಡ್ರೀ ಅಣ್ಣಾರ, ಡಬ್ಬಿ ತಂದೀನಿ" ಅಂದರೆ ಮೊದಲ ದಿನ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ಮೂರನೇ ದಿನ ತಾವೇ ಡಬ್ಬಿಗೆ ಕೈ ಚಾಚುತ್ತಾರೆ.

ಧಾನ್ಯದ ಬಗ್ಗೆ ಒಂದು ಮಾತು. ಸಾವೆ, ನವಣೆಗಳು ನಮ್ಮ ಮಳೆಯಾಶ್ರಿತ ಹೊಲದ ಬೆಳೆ, ಕಡಿಮೆ ನೀರಿಗೆ ಬರುವಂಥವು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇಂಥ ಸಿರಿಧಾನ್ಯಗಳ ಬೀಜ ಉಳಿಸಿ, ಸಂಸ್ಕರಣೆ ಮಾಡಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ನಮ್ಮ ಜಿಲ್ಲೆಯಲ್ಲೇ ಬೆಳೆದ ಸಾವೆ ಸಿಗುವಾಗ ದೂರದ ದೇಶದ ಕಿನೋವಾ ಪೊಟ್ಟಣಕ್ಕೆ ಕೈ ಹಾಕುವುದೇಕೆ? ವಾರಕ್ಕೆ ಎರಡು ಊಟ ಅನ್ನದ ಬದಲು ಸಾವೆಯದ್ದಾದರೆ ಅಷ್ಟು ರೊಕ್ಕ ಜಿಲ್ಲೆಯ ಹೊಲಕ್ಕೇ ಮರಳಿತು.

ಎರಡನೇ ಮಂಗಳವಾರ: ಕಸದ ಬಕೆಟ್ಟು

ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ, ನಾನು ಎಲ್ಲಕ್ಕಿಂತ ಹೆಚ್ಚು ಸೋತಿದ್ದೂ ಇದರಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಹಸಿಕಸ, ಒಣಕಸ, ಮನೆಯ ಅಪಾಯಕಾರಿ ಕಸ ಬೇರೆ ಬೇರೆ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಪಾಲಿಕೆಯ ಗಾಡಿ ಬಾಗಿಲಿಗೆ ಬರುತ್ತದೆ, ನಿಜ. ಆದರೆ ಹಸಿಕಸ ಮನೆಯಲ್ಲೇ ಗೊಬ್ಬರವಾದರೆ ಗಾಡಿಗೆ ಹೋಗುವ ಭಾರ ಬಹಳ ಇಳಿಯುತ್ತದೆ, ಕುಂಡದ ಮಣ್ಣಿಗೆ ಕೊಳ್ಳುವ ಗೊಬ್ಬರದ ಚೀಲವೂ ತಪ್ಪುತ್ತದೆ.

ಹಳೆಯ 20 ಲೀಟರಿನ ಪೇಂಟಿನ ಡಬ್ಬಿ ಎರಡು ಬೇಕು. ಚೆನ್ನಾಗಿ ತೊಳೆದು, ತಳಕ್ಕೆ ಏಳೆಂಟು ತೂತು, ಸುತ್ತ ನಾಲ್ಕು ಸಾಲು ತೂತು ಮಾಡಿ. ಮೊಳೆಯನ್ನು ಗ್ಯಾಸಿನ ಮೇಲೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಚುಚ್ಚಿದರೆ ಸಲೀಸು. ಕಿಟಕಿ ತೆರೆದಿಟ್ಟುಕೊಂಡು ಮಾಡಿ, ಹೊಗೆ ಕುಡಿಯಬೇಡಿ. ಡಬ್ಬಿಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ನಾಲ್ಕು ಬೆರಳು ಒಣ ಎಲೆ. ಅದರ ಮೇಲೆ ದಿನದ ಹಸಿಕಸ: ಸೊಪ್ಪಿನ ದಂಟು, ಸಿಪ್ಪೆ, ಚಹಾಪುಡಿ, ಮೊಟ್ಟೆಸಿಪ್ಪೆ. ಒಂದು ಬಟ್ಟಲು ಹಸಿಗೆ ಎರಡು ಬಟ್ಟಲು ಒಣದ್ದು, ಅಂದರೆ ಎಲೆ, ಹರಿದ ರಟ್ಟು, ಕಟ್ಟಿಗೆ ಹೊಟ್ಟು. ವಾರಕ್ಕೆರಡು ಸಲ ಕೋಲಿನಿಂದ ತಿರುವಬೇಕು. ಮೊದಲ ಸಲ ಒಂದು ಹಿಡಿ ಸಗಣಿ, ಇಲ್ಲವೆ ಹುಳಿ ಮಜ್ಜಿಗೆ ಬಿದ್ದರೆ ಬೇಗ ಕೊಳೆಯಲು ಶುರುವಾಗುತ್ತದೆ.

ನನ್ನ ಮೊದಲ ಡಬ್ಬಿ ಹತ್ತೇ ದಿನಕ್ಕೆ ನಾರಿ, ಪಕ್ಕದ ಮನೆಯ ಅಕ್ಕಾರು "ಏನ್ರೀ, ಇಲಿ ಸತ್ತೈತೇನ್ರೀ ನಿಮ್ಮನ್ಯಾಗ?" ಎಂದು ಕೇಳುವ ಹಂತಕ್ಕೆ ಬಂದಿತ್ತು. ತಪ್ಪು ನನ್ನದೇ. ಮಳೆಗಾಲಕ್ಕೆ ಬೇಕಾದ ಒಣ ಎಲೆಯನ್ನು ಬೇಸಿಗೆಯಲ್ಲೇ ಕೂಡಿಟ್ಟುಕೊಂಡಿರಲಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಣ ಎಲೆ ಎಲ್ಲಿ ಸಿಕ್ಕೀತು? ಒಣದ್ದು ಕಡಿಮೆಯಾದರೆ ಒಳಗೆ ಗಾಳಿಯಾಡದೆ ಕೊಳೆತ ನಾತ ಹೊಡೆಯುತ್ತದೆ. ಈಗಲೂ ಎಲೆ ಇಲ್ಲದವರು ಬಡಗಿಯ ಅಂಗಡಿಯಿಂದ ಒಂದು ಚೀಲ ಕಟ್ಟಿಗೆ ಹೊಟ್ಟು ತಂದಿಟ್ಟುಕೊಳ್ಳಿ, ಪ್ಲೈವುಡ್ಡಿನದು ಬೇಡ. ನಾರಿದರೆ ಹೊಟ್ಟು ಹಾಕಿ ತಿರುವಿ, ಎರಡು ದಿನ ಹಸಿಕಸ ಹಾಕಬೇಡಿ. ಬಿಳಿ ಹುಳ ಕಂಡರೆ ಗಾಬರಿ ಬೇಡ, ಮೇಲೆ ದಪ್ಪಗೆ ಒಣದ್ದು ಮುಚ್ಚಿ. ಎಣ್ಣೆ, ಮಾಂಸ, ಉಳಿದ ಸಾರು ಹಾಕಲೇಬೇಡಿ. ಮೊದಲ ಡಬ್ಬಿ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡಿ. ಎರಡು ತಿಂಗಳಾಗುವಷ್ಟರಲ್ಲಿ ಮೊದಲನೆಯದರಲ್ಲಿ ಕಪ್ಪು ಗೊಬ್ಬರ, ಮಳೆ ಬಿದ್ದ ಮಣ್ಣಿನ ವಾಸನೆ.

ಹಳೆಯ ಫೋನು, ವೈರು, ಬ್ಯಾಟರಿ ಒಂದು ರಟ್ಟಿನ ಡಬ್ಬಿಗೆ ಸೇರಲಿ. ಅದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಹೋಗಬೇಕು, ಗುಜರಿಗೂ ಅಲ್ಲ, ಕಸದ ಗಾಡಿಗೂ ಅಲ್ಲ.

ಬಿತ್ತುವುದು, ಮಳೆನೀರು ಹಿಡಿಯುವುದು

ಇದಕ್ಕೆ ಮಂಗಳವಾರದ ಲೆಕ್ಕ ಹಚ್ಚುವುದಿಲ್ಲ. ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಬಿತ್ತಬೇಕು. ಬಾಡಿಗೆ ಮನೆಯವರಾದರೆ ಐದಾರು ಕುಂಡ ಸಾಕು. ರಾಜಗಿರಿ ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ಪುಂಡಿಪಲ್ಲೆ ಸ್ವಲ್ಪ ತಡ, ಆದರೆ ಚಿವುಟಿದಷ್ಟೂ ಚಿಗುರುತ್ತದೆ. ಮೆಂತ್ಯೆಗೆ ಹೆಚ್ಚು ಮಳೆ ಬಿದ್ದರೆ ಬುಡ ಕೊಳೆಯುತ್ತದೆ, ಮಾಳಿಗೆಯ ಚಾಚಿನ ಕೆಳಗಿಡಿ. ಹಿತ್ತಲಿದ್ದವರು ಈಗಲೇ ಹೀರೆ, ಅವರೆ ಊರಿ, ಒಂದಾಳು ಎತ್ತರದ ನುಗ್ಗೆ ಕೊಂಬೆ ನೆಟ್ಟುಬಿಡಿ. ಆಷಾಢದ ಗಾಳಿಗೆ ಅಲುಗದಂತೆ ಕೋಲಿಗೆ ಕಟ್ಟಿ. ಬುಡ ಅಲುಗಿದರೆ ಬೇರು ಹಿಡಿಯುವುದಿಲ್ಲ.

ಗಿಡಕ್ಕೆ ಜೀವಾಮೃತ ಹಾಕಬೇಕೆಂದರೆ 200 ಲೀಟರಿನ ಡ್ರಮ್ಮು ಬೇಕಿಲ್ಲ. 10 ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ, ಮೂರ್ನಾಲ್ಕು ದಿನದ ಮೇಲೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ.

ನೀರಿನ ಲೆಕ್ಕ ಇನ್ನೂ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 500 ಚದರಡಿಯ ಮಾಳಿಗೆ ಎಂದರೆ ಸುಮಾರು 46 ಚದರ ಮೀಟರ್. ಒಂದು ದಿನ 10 ಮಿಲಿಮೀಟರ್ ಬಿದ್ದರೆ 460 ಲೀಟರ್, ಸೋರಿಕೆ ಕಳೆದರೂ 350ಕ್ಕೆ ಮೋಸವಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯನ್ನು ಪಂಪು ಹೊಡೆದು ಅವಳಿ ನಗರಕ್ಕೆ ತರುತ್ತಾರೆ. ನಳದ ನೀರು ವಾರಗಟ್ಟಲೆ ಕಾದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ನಮ್ಮ ಮಾಳಿಗೆಯ ಪೈಪು ನೇರ ಗಟಾರಕ್ಕೇ ಬೀಳುತ್ತಿತ್ತು, ಹದಿನೈದು ವರ್ಷ! ಪೈಪಿನ ಬಾಯಿಗೆ ಹಳೆಯ ಧೋತರದ ನಾಲ್ಕು ಮಡಿಕೆ ಕಟ್ಟಿ ಡ್ರಮ್ಮಿಗೆ ಬಿಡಿ. ಮೊದಲ ಹದಿನೈದು ನಿಮಿಷದ ನೀರು ಹೊರಗೆ ಹೋಗಲಿ, ಧೂಳು ತೊಳೆದುಕೊಂಡು ಹೋಗುತ್ತದೆ. ಈ ನೀರು ಕುಡಿಯಲು ಅಲ್ಲ, ಭಾಂಡೆ, ಬಟ್ಟೆ, ಶೌಚಕ್ಕೆ. ಡ್ರಮ್ಮಿನ ಬಾಯಿ ಬಟ್ಟೆಯಿಂದ ಬಿಗಿಯಾಗಿ ಕಟ್ಟದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗಿ ಮನೆಗೆ ಬರುತ್ತದೆ. ಇದೊಂದರಲ್ಲಿ ಸಡಿಲ ಬಿಡಬೇಡಿ.

ಮೂರನೇ ಮಂಗಳವಾರ: ರಿಪೇರಿ

ಮುರಿದ, ನಿಂತ, ಹರಿದ ವಸ್ತುಗಳನ್ನೆಲ್ಲ ಪಡಸಾಲೆಗೆ ತನ್ನಿ. ಮಳೆಗಾಲ ಶುರುವಾಗುತ್ತಲೇ ಕೊಡೆ ರಿಪೇರಿಯವರು ರಸ್ತೆ ಬದಿಗೆ ಕೂರುತ್ತಾರೆ, ಮೊದಲು ಅಲ್ಲಿಗೆ. ಮಿಕ್ಸರ್ ತಿರುಗದಿದ್ದರೆ ಬಹಳ ಸಲ ಹೋಗಿರುವುದು ಕಾರ್ಬನ್ ಬ್ರಷ್ಷು ಅಥವಾ ಕೆಳಗಿನ ಕಪ್ಲರ್. ಕುಕ್ಕರಿಗೆ ರಬ್ಬರು. ಚಪ್ಪಲಿಗೆ ಅಂಗುಟ. ಹಿತ್ತಾಳೆ ಭಾಂಡೆಗೆ ಕಲಾಯಿ.

ಕೊಳ್ಳದೆ ಉಳಿದ ರೊಕ್ಕ ಸುಮ್ಮನೆ ಬ್ಯಾಂಕಿನಲ್ಲಿ ಕೂತರೆ ಓಣಿಯ ದುಡಿಯುವ ಕೈಗಳಿಗೆ ಅದರಿಂದ ಏನೂ ಬಂದಂತಾಗಲಿಲ್ಲ. ಆದ್ದರಿಂದ ರಿಪೇರಿಯವರೊಂದಿಗೆ ಚೌಕಾಸಿ ಮಾಡದಿರುವುದು ನಮ್ಮ ಮನೆಯ ಕಾನೂನು. ಶಾಪಿಂಗ್ ಮಾಲಿನಲ್ಲಿ ಅಚ್ಚಾದ ಬೆಲೆಗೆ ಬಾಯಿ ಬಿಡದವರು ರಸ್ತೆ ಬದಿಯಲ್ಲಿ ಕೂತವರ ಹತ್ತು ರೂಪಾಯಿಗೆ ಯಾಕೆ ಕುಸ್ತಿ ಹಿಡಿಯಬೇಕು?

ನಾಲ್ಕನೇ ಮಂಗಳವಾರ: ಬಟ್ಟೆಯ ಕಪಾಟು ಮತ್ತು ಕೌದಿ

ಕಪಾಟು ಖಾಲಿ ಮಾಡಿ ಮೂರು ರಾಶಿ ಹಾಕಿ: ಉಡುವುದು, ಹೊಲಿಗೆ ಬೇಕಾದದ್ದು, ಇನ್ನು ಉಡಲಾರದ್ದು. ಎರಡನೇ ರಾಶಿಗೆ ಒಂದು ಮಧ್ಯಾಹ್ನ ಸೂಜಿ-ದಾರ, ಗುಂಡಿ. ಮೂರನೆಯದರಲ್ಲಿ ಮೆತ್ತಗಾದ ಹತ್ತಿ ಸೀರೆ, ಧೋತರ, ಲುಂಗಿ ಆರಿಸಿಕೊಳ್ಳಿ. ಸಿಂಥೆಟಿಕ್ ಸೇರಿಸಿದರೆ ಸೂಜಿ ಜಾರುತ್ತದೆ, ಹೊದ್ದರೆ ಬೆವರು.

ಕೌದಿಗೆ ಎರಡು ದೊಡ್ಡ ಸೀರೆ ಹೊರಮೈಗೆ, ನಡುವೆ ಮೂರ್ನಾಲ್ಕು ಪದರ ತುಂಡು ಬಟ್ಟೆ. ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕೂ ಅಂಚು ದೊಡ್ಡ ಟಾಕಿ ಹಾಕಿ ಹಿಡಿಸಿ. ಆಮೇಲೆ ಅಂಚಿನಿಂದ ಒಳಕ್ಕೆ, ಸುತ್ತು ಹಾಕುತ್ತ, ಎರಡು ಬೆರಳು ಅಂತರದ ಸಾಲುಗಳಲ್ಲಿ ಸಾದಾ ಹೊಲಿಗೆ. ನಡುವಿನಿಂದ ಶುರು ಮಾಡಿದರೆ ಬಟ್ಟೆ ಎಳೆದು ಮೂಲೆ ಸೊಟ್ಟಗಾಗುತ್ತದೆ ಎನ್ನುತ್ತಾಳೆ ಅವ್ವ. ನಾನು ಒಮ್ಮೆ ಹಾಗೆ ಮಾಡಿ ನೋಡಿದೆ, ನಿಜ. ಒಂದೇ ತಿಂಗಳಿಗೆ ಮುಗಿಯುವ ಕೆಲಸವಲ್ಲ ಇದು. ದಿನಾ ಸಂಜೆ ನಾಲ್ಕು ಸಾಲು, ಟಿವಿ ನೋಡುತ್ತಲೇ ಆದೀತು. ಕೊನೆಯ ಮೂಲೆ ಮುಚ್ಚುವ ಮೊದಲು ಅವ್ವ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾಳೆ, ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಹೊಲಿಯಲು ಬರದಿದ್ದರೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನಮ್ಮ ಕಡೆ ಇನ್ನೂ ಇದ್ದಾರೆ. ಬಟ್ಟೆ ನೀವು ಕೊಡಿ, ಕೂಲಿ ಅವರು ಹೇಳಿದಷ್ಟು.

ಹೊಸ ಬಟ್ಟೆ ಬೇಕೇ ಬೇಕೆಂದಾದರೆ ಕೈನೂಲಿನದೊಂದು ನೋಡಿ. 1957ರಲ್ಲಿ ಶುರುವಾದ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ದಾರಿಯಾದಾಗ ಇಲ್ಲಿನವರು ವಿರೋಧಿಸಿದರು. ಅಗ್ಗದ ಒಂದು ಬಟ್ಟೆಯ ಹಿಂದೆ ಯಾರ ಚರಕ ನಿಲ್ಲುತ್ತದೆ ಎಂಬುದು ನಮ್ಮ ಊರಿನಲ್ಲೇ ಕಣ್ಣಿಗೆ ಕಾಣುವ ಸಂಗತಿ. ಗದಗ-ಧಾರವಾಡದ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರ ಹತ್ತಿಯದ್ದೂ ಹೆಚ್ಚುಕಡಿಮೆ ಇದೇ ಕಥೆ, ಕೊಳ್ಳುವವರು ಬೇರೆ ಕಡೆ ಹೋದ ಹಾಗೆ ಬಿತ್ತುವವರೂ ಹೋದರು.

ನೆಲಕ್ಕೆ ಹಾಸಲು ಏನಾದರೂ ಪಟ್ಟಿಯಲ್ಲಿದ್ದರೆ ನವಲಗುಂದದ ಜಮಖಾನೆಗಾಗಿ ರೊಕ್ಕ ಕೂಡಿಸಿ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ನಾಗರ ಅಮಾವಾಸ್ಯೆ: ಹಾಳೆ ಇಳಿಸುವುದು

ಬಾಗಿಲಿನ ಹಾಳೆ ತೆಗೆದು ಎಲ್ಲರೂ ಕೂತು ಓದಿ. ಯಾಕೆ ಬರೆದೆನೆಂದು ಬರೆದವರಿಗೇ ನೆನಪಿಲ್ಲದ್ದನ್ನು ಹೊಡೆದುಹಾಕಿ. ಉಳಿದದ್ದಕ್ಕೆ ಮೂರೇ ಪ್ರಶ್ನೆ: ಇದನ್ನು ಯಾರಿಂದಾದರೂ ಎರವಲು ತರಬಹುದೇ, ಕೆಟ್ಟರೆ ಊರಲ್ಲಿ ರಿಪೇರಿ ಆಗುತ್ತದೆಯೇ, ಪೂರ್ತಿ ಹಾಳಾದ ಮೇಲೆ ಎಲ್ಲಿಗೆ ಹೋಗುತ್ತದೆ. ಹೋದ ವರ್ಷ ನಮ್ಮ ಹಾಳೆಯಲ್ಲಿ ಹದಿನೇಳು ವಸ್ತು ಇದ್ದವು, ಕೊಂಡದ್ದು ನಾಲ್ಕು. ಅದರಲ್ಲಿ ಸೈಕಲ್ಲಿನ ಬೆಲ್ಲೂ ಒಂದು, ನಾನು ಹಟ ಹಿಡಿದು ತಂದು ಈಗ ಮೂಲೆಗಿಟ್ಟ ಕಾಫಿ ಫಿಲ್ಟರೂ ಒಂದು. ಪ್ರಶ್ನೆ ಕೇಳಿದ ಮಾತ್ರಕ್ಕೆ ಬುದ್ಧಿ ಬರುತ್ತದೆಂದೇನೂ ಇಲ್ಲ.

ಪಂಚಮಿಯ ಉಂಡಿಗೆ ಶೇಂಗಾ, ಎಳ್ಳು, ಬೆಲ್ಲ ತರುವಾಗ ಚೀಲ ಮರೆಯಬೇಡಿ. ಮೊದಲ ವರ್ಷ ನಾವು ಜಾರಿಬಿದ್ದಿದ್ದು ಈ ವಾರದಲ್ಲೇ. ಆ್ಯಪುಗಳನ್ನು ಫೋನಿಗೆ ಮರಳಿ ಹಾಕುವುದನ್ನು ಇನ್ನೊಂದು ಹದಿನೈದು ದಿನ ಮುಂದೂಡಿದರೆ ಒಳ್ಳೆಯದು.

ಮಂಗಳವಾರಗಳ ಗುಳ್ಳವ್ವನ ಮಣ್ಣು ಮನೆಯಲ್ಲಿ ಉಳಿದಿದ್ದರೆ ಪುಡಿ ಮಾಡಿ ಹೀರೆಬಳ್ಳಿಯ ಬುಡಕ್ಕೆ ಹಾಕಿ. ಬಳ್ಳಿಯಲ್ಲಿ ಮುಂದೆ ಬರುವ ಒಂದು ಒಳ್ಳೆಯ ಕಾಯನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಡಿ, ಮುಂದಿನ ವರ್ಷಕ್ಕೆ ಬೀಜ. ಮನೆಯವರು ಮರೆತು ಪಲ್ಲೆಗೆ ಹಾಕದಂತೆ ಅದಕ್ಕೊಂದು ಕೆಂಪು ದಾರ ಕಟ್ಟಿ. ಗೊಬ್ಬರದ ಮೊದಲ ಡಬ್ಬಿಯನ್ನು ಈಗಲೇ ಬಗ್ಗಿಸಬೇಡಿ. ಮುಚ್ಚಳ ತೆಗೆದು ನೋಡಿ, ಸಿಪ್ಪೆ ಇನ್ನೂ ಸಿಪ್ಪೆಯಂತೆಯೇ ಕಾಣುತ್ತಿದ್ದರೆ ಒಂದು ಹಿಡಿ ಹೊಟ್ಟು ಹಾಕಿ ತಿರುವಿ ಮತ್ತೆ ಮುಚ್ಚಿಡಿ. ಗಣೇಶ ಚೌತಿಯ ಹೊತ್ತಿಗೆ ಜರಡಿ ಹಿಡಿಯಬಹುದು.